ಆಚಾರ್ರು ಕೇಳಿದ ಒಂದೇ ಪ್ರಶ್ನೆ

ಪರೀಕ್ಷೆಗೆ ಹನ್ನೊಂದು ದಿನ ಬಾಕಿ ಇತ್ತು. ಸಂಜೆ ಕೊಟ್ಟಿಗೆಯಲ್ಲಿ ಹಸುವಿನ ಹಗ್ಗದ ಗಂಟು ಬಿಗಿದುಕೊಂಡು ಬಿಚ್ಚಲು ಬರುತ್ತಿರಲಿಲ್ಲ. ಬ್ಯಾಗಿನಲ್ಲಿದ್ದ ಮಡಚುವ ಚಾಕು ತಂದು, ಮೊನೆಯನ್ನು ಗಂಟಿನೊಳಗೆ ತೂರಿಸಿ ಮೀಟಿದೆ. ‘ಟಕ್’ ಎಂದಿತು. ಗಂಟು ಬಿಚ್ಚಲಿಲ್ಲ. ಚಾಕು ಮಡಚಿಕೊಂಡಿತು, ನನ್ನ ಬಲಗೈ ತೋರುಬೆರಳನ್ನು ನಡುವೆ ಇಟ್ಟುಕೊಂಡು.

ಮೂರು ಹೊಲಿಗೆ, ಒಂದು ಟಿ.ಟಿ. ಇಂಜೆಕ್ಷನ್. ಅಪ್ಪ ಬೈಯಲಿಲ್ಲ. ಆಸ್ಪತ್ರೆಯಿಂದ ಬರುವಾಗ ‘ಇದನ್ಯಾಕವ್ವ ಬ್ಯಾಗಲ್ಲಿ ಇಟ್ಕೊಂಡಿದ್ದೆ?’ ಎಂದಷ್ಟೇ ಕೇಳಿದರು. ‘ಸುಮ್ನೆ’ ಅಂದೆ. ಅದು ಸುಳ್ಳು.

ಭಯಕ್ಕೆ ಕೊಂಡ ಚಾಕು

ನಮ್ಮೂರು ಮಿರ್ಲೆ. ಬಿ.ಎಸ್ಸಿ. ಮುಗಿಸಿ ಮೈಸೂರಿನಲ್ಲಿ ಕೋಚಿಂಗಿಗೆ ಹೋಗುತ್ತಿದ್ದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ದಿನವೂ ಹೋಗಿ ಬರುವುದು ನನ್ನಂಥವರಿಗೆ ಸಾಧ್ಯವಾಯಿತು. ತರಗತಿ ಮುಗಿಸಿ, ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ ಊರಿಗೆ ಇಳಿಯುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಅಲ್ಲಿಂದ ನಮ್ಮ ತೋಟದ ಮನೆಗೆ ಗದ್ದೆ ಬದಿಯ ದಾರಿಯಲ್ಲಿ ಒಂದೂವರೆ ಕಿಲೋಮೀಟರ್ ನಡಿಗೆ. ಒಂದು ದಿನ ಯಾರೋ ಬೈಕಿನಲ್ಲಿ ಹಿಂದೆ ಹಿಂದೆಯೇ ನಿಧಾನಕ್ಕೆ ಬಂದರು. ಏನೂ ಆಗಲಿಲ್ಲ, ತೋಟದ ತಿರುವಿನಲ್ಲಿ ಮುಂದೆ ಹೊರಟುಹೋದರು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮನೆಯಲ್ಲಿ ಹೇಳಿದರೆ ಕೋಚಿಂಗ್ ಬಿಡಿಸುತ್ತಾರೆ ಎಂಬ ಇನ್ನೊಂದು ಭಯ ಬೇರೆ.

ಮೊಬೈಲಿನಲ್ಲಿ ಹುಡುಕಿದೆ. ಕಪ್ಪು ಅಲಗು, ಬೆನ್ನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ಗಾಜು ಒಡೆಯುವ ಮೊನೆ, ಕಮಾಂಡೋ ಎಂಬ ಹೆಸರು, ಬೆಲೆ 649 ರೂಪಾಯಿ. ತರಿಸಿಕೊಂಡೆ. ಬ್ಯಾಗಿನಲ್ಲಿ ಅದು ಇದೆ ಎಂಬುದೇ ಧೈರ್ಯ. ನಾಲ್ಕು ತಿಂಗಳಲ್ಲಿ ಅದು ಕೊಯ್ದದ್ದು ಒಂದೇ, ನನ್ನ ಬೆರಳು.

ಪರೀಕ್ಷೆಯಲ್ಲಿ ಪೆನ್ನನ್ನು ನಡುಬೆರಳು, ಹೆಬ್ಬೆರಳಿನ ನಡುವೆ ಹಿಡಿದು ಉತ್ತರದ ವೃತ್ತಗಳನ್ನು ತುಂಬಿದೆ. ಗಂಟೆ ಬಾರಿಸಿದಾಗ ಹದಿನಾಲ್ಕು ಪ್ರಶ್ನೆ ಉಳಿದಿದ್ದವು. ಆಯ್ಕೆಪಟ್ಟಿಯಲ್ಲಿ ಹೆಸರು ಬರಲಿಲ್ಲ. ಬೆರಳಿನಿಂದಲೇ ಹೋಯಿತು ಎನ್ನಲಾರೆ, ಓದೂ ಸಾಲದಿತ್ತು. ಆದರೆ ಆ ಹದಿನಾಲ್ಕರಲ್ಲಿ ಒಂಬತ್ತಕ್ಕೆ ಉತ್ತರ ಗೊತ್ತಿತ್ತು.

ಕುಲುಮೆಯ ಮುಂದೆ

ಕೊಯ್ಲಿಗೆ ಮುಂಚೆ ಅಪ್ಪ ಮನೆಯ ಕುಡ್ಲು, ಮಚ್ಚುಗಳನ್ನು ಹದ ಮಾಡಿಸಲು ಕುಲುಮೆಗೆ ಹೊರಟರು. ನನ್ನ ಚಾಕನ್ನೂ ಚೀಲಕ್ಕೆ ಹಾಕಿಕೊಂಡು ‘ನೀನೂ ಬಾ’ ಎಂದರು. ಆಚಾರ್ರು ಚಾಕನ್ನು ತಿರುಗಿಸಿ ಮುರುಗಿಸಿ ನೋಡಿದರು. ತೆರೆದರು, ಮಡಚಿದರು. ಆಮೇಲೆ ನನ್ನ ಕಡೆ ನೋಡಿ ಕೇಳಿದರು: ‘ಇದ್ರಲ್ಲಿ ಏನ್ ಕುಯ್ತೀಯವ್ವ?’

ನನ್ನ ಬಳಿ ಉತ್ತರವಿರಲಿಲ್ಲ. ಚಿಕ್ಕಂದಿನಿಂದ ಕುಡ್ಲಿನಲ್ಲಿ ಹುಲ್ಲು ಕೊಯ್ದವಳು, ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಿದವಳು ನಾನು. ಆ ಎರಡೂ ಏಕೆ ಆ ಆಕಾರದಲ್ಲಿವೆ ಎಂದು ಕೇಳಿದರೆ ಹೇಳಬಲ್ಲೆ. ಚಾಕಿನ ಗರಗಸದ ಹಲ್ಲು ಯಾವುದಕ್ಕೆ ಎಂದು ಹೇಳಲಾಗಲಿಲ್ಲ.

‘ಕಬ್ಣ ಒಳ್ಳೇದೋ ಕೆಟ್ಟದ್ದೋ ಆಮೇಲ್ ನೋಡವ. ಏನ್ ಕುಯ್ಬೇಕು ಅಂತ ಮೊದ್ಲು ಹೇಳು’ ಎಂದರು. ಯೋಚಿಸಿ ಹೇಳಿದೆ: ಹಗ್ಗ, ಗೊಬ್ಬರದ ಚೀಲದ ಬಾಯಿ, ಹಣ್ಣು, ಬಾಳೆಎಲೆ, ಕೆಲವೊಮ್ಮೆ ಗೂಟ ಕೆತ್ತುವುದು. ‘ಇಷ್ಟೇನಾ? ಇದಕ್ಕೆ ನಾಕಿಂಚು ಸಾಕು’ ಎಂದು ಗುಜರಿ ರಾಶಿಯಿಂದ ಲಾರಿಯ ಹಳೇ ಕಮಾನುಪಟ್ಟಿಯ ತುಂಡೊಂದನ್ನು ಎಳೆದರು.

ಸಾವಿರಾರು ಸಲ ಬಾಗಿ ಮತ್ತೆ ನೆಟ್ಟಗಾಗುವ ಈ ಪಟ್ಟಿಯ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡ ಅರ್ಧಕ್ಕಿಂತ ತುಸು ಹೆಚ್ಚು ಕಾರ್ಬನ್ ಇರುತ್ತದೆ. ಕಾರ್ಬನ್ ತೀರ ಕಡಿಮೆಯಾದರೆ ಅಲಗಿನ ಬಾಯಿ ಬೇಗ ಮಡಚಿಕೊಳ್ಳುತ್ತದೆ. ನಾನು ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಓದಿದ್ದನ್ನು ಆಚಾರ್ರು ಕೆಂಡದಲ್ಲಿ ತೋರಿಸಿದರು. ಬಡಿದು ತೆಳುವಾದ ಅಲಗನ್ನು ಚೆನ್ನಾಗಿ ಕೆಂಪಾಗುವವರೆಗೆ ಕಾಯಿಸಿದರು. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಹದ ಮಾಡುವ ಶಾಖ ಅದಕ್ಕಿಂತ ಸ್ವಲ್ಪ ಮೇಲೆ. ಆಚಾರ್ರಿಗೆ ಅಯಸ್ಕಾಂತವೂ ಬೇಡ, ಬಣ್ಣ ಸಾಕು.

ಆಮೇಲೆ ಬಾಯಿಯ ಭಾಗವನ್ನಷ್ಟೇ ನೀರಿಗೆ ಅದ್ದಿ ತೆಗೆದು, ಕಲ್ಲಿಗೆ ಉಜ್ಜಿ ಹೊಳಪು ಮಾಡಿ ಕಾದರು. ಬೆನ್ನಿನಲ್ಲಿ ಉಳಿದಿದ್ದ ಬಿಸಿ ಮೆಲ್ಲಗೆ ಬಾಯಿಯ ಕಡೆ ಹರಿದು ಬಂತು. ಹೊಳಪಿನ ಮೇಲೆ ಒಣಹುಲ್ಲಿನ ಬಣ್ಣ ಮೂಡಿದ ಕೂಡಲೇ ಪೂರ್ತಿ ಅದ್ದಿಬಿಟ್ಟರು. ಆ ಬಣ್ಣ ಬರುವುದು 200ರಿಂದ 230 ಡಿಗ್ರಿಯ ಆಸುಪಾಸಿನಲ್ಲಿ. ಮುಂದೆ ಬಿಟ್ಟರೆ 300ರ ಹತ್ತಿರ ನೀಲಿಯಾಗಿ ಬಾಯಿ ಮೆತ್ತಗಾಗುತ್ತದೆ, ಮೊದಲೇ ನಿಲ್ಲಿಸಿದರೆ ಗಾಜಿನಂತೆ ಮುಕ್ಕಾಗುತ್ತದೆ. ಬಾಯಿ ಗಟ್ಟಿ, ಬೆನ್ನು ಬಾಗುವಂಥದ್ದು. ‘ಹದ’ ಎಂಬ ಪದದ ಅರ್ಥ ನನಗೆ ಅವತ್ತು ಗೊತ್ತಾಯಿತು.

ಇದು ನಮ್ಮ ಸೀಮೆಗೆ ಹೊಸದಲ್ಲ. 1800–01ರಲ್ಲಿ ಮೈಸೂರು ರಾಜ್ಯದಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ತಯಾರಿಸುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಉಕ್ಕಿಗೆ ಯುರೋಪಿನಲ್ಲಿ ‘ವೂಟ್ಜ್’ ಎಂಬ ಹೆಸರಿತ್ತು. ಅದು ನಮ್ಮ ‘ಉಕ್ಕು’ ಪದದಿಂದಲೇ ಬಂದಿರಬೇಕು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಆ ಉಕ್ಕಿನ ಗುಟ್ಟು ತಿಳಿಯಲು ಮೈಕೇಲ್ ಫ್ಯಾರಡೆ ಕೂಡ ಪ್ರಯೋಗ ಮಾಡಿದ್ದ.

ಕೊಳ್ಳುವ ಮುನ್ನ ನೋಡಿ

ಎಲ್ಲರ ಊರಲ್ಲೂ ಈಗ ಕುಲುಮೆ ಇಲ್ಲ. ಅಂಗಡಿಯಲ್ಲಿ, ಜಾತ್ರೆಯಲ್ಲಿ, ಮೊಬೈಲಿನಲ್ಲಿ ಕೊಳ್ಳುವವರಿಗೆ ಆಚಾರ್ರ ಮಾತನ್ನೂ ನನ್ನ ಬೆರಳಿನ ಅನುಭವವನ್ನೂ ಸೇರಿಸಿ ಹೇಳುತ್ತೇನೆ.

ಮೊದಲನೆಯದು ಉದ್ದ. ಹಾಸ್ಟೆಲ್ ಕೋಣೆಯಲ್ಲಿ ಹಣ್ಣು, ಪಾರ್ಸೆಲ್ ಕೊಯ್ಯಲು ಮೂರಿಂಚು ಧಾರಾಳ. ಹೊಲ, ಚಾರಣದ ಕೆಲಸಕ್ಕೆ ನಾಲ್ಕಿಂಚು. ಎಳನೀರು ಕೊಚ್ಚಲು, ಸೌದೆ ಸೀಳಲು ಮಚ್ಚೇ ಬೇಕು. ಅದನ್ನು ಚಾಕಿನಲ್ಲಿ ಮಾಡಹೊರಟರೆ ಚಾಕೂ ಹೋಗುತ್ತದೆ, ಕೈಯೂ ಹೋಗುತ್ತದೆ.

ಎರಡನೆಯದು ಮಡಚುವುದೋ, ಮಡಚದ್ದೋ. ಹೊರಗಿನ ಒರಟು ಕೆಲಸಕ್ಕೆ ಮಡಚದ್ದೇ ಒಳ್ಳೆಯದು, ಮುರಿಯಲು ಅದರಲ್ಲಿ ಕೀಲಿಲ್ಲ. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿರಬೇಕು. ಒಂದಿಂಚು ಬಾಲವನ್ನು ಪ್ಲಾಸ್ಟಿಕ್ಕಿಗೆ ತೂರಿಸಿ ಅಂಟಿಸಿದ್ದು ಒತ್ತಿದಾಗ ಕಿತ್ತು ಬರುತ್ತದೆ. ಬೆನ್ನು ಎರಡೂವರೆ, ಮೂರು ಮಿಲಿಮೀಟರ್ ದಪ್ಪವಿದ್ದರೆ ಸಾಕು.

ಮಡಚುವುದೇ ಬೇಕೆಂದರೆ ಬೀಗ ನೋಡಿ. ನನ್ನ ಚಾಕಿನ ಬೀಗ ಎಂದರೆ ಅಲಗು ತೆರೆದಾಗ ಹಿಂದಿನಿಂದ ಆತು ನಿಲ್ಲುವ ಒಂದು ತೆಳು ತಗಡು. ಮೀಟಿದಾಗ ಅದು ಜಾರಿತು. ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು, ಬೆನ್ನನ್ನು ಮರದ ಮೇಲೆ ಮೆಲ್ಲಗೆ ತಟ್ಟಿ ನೋಡಿ. ಜಾರಿದರೆ ಅಲ್ಲೇ ಬಿಟ್ಟು ಬನ್ನಿ. ಫ್ರಾನ್ಸಿನ ಒಪಿನೆಲ್ ಎಂಬ ಮರದ ಹಿಡಿಯ ಚಾಕು 1890ರಿಂದ ಇದೆ. 1955ರಲ್ಲಿ ಅದಕ್ಕೆ ತಿರುಗಿಸಿ ಭದ್ರ ಮಾಡುವ ಒಂದು ಉಂಗುರ ಸೇರಿಸಿದರು. ನೋಡಲು ಏನೇನೂ ಇಲ್ಲ, ಆದರೆ ಆ ಉಂಗುರ ಅಲಗಿಗೆ ಅಡ್ಡ ನಿಲ್ಲುತ್ತದೆ. ಏನಿದ್ದರೂ ಚಾಕು ಇರುವುದು ಕೊಯ್ಯಲು, ಮೀಟಲು ಅಲ್ಲ. ನಾನು ಮಾಡಿದ ತಪ್ಪು ಅದು.

ಮೂರನೆಯದು ಲೋಹ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ ಶೇಕಡ ಹತ್ತೂವರೆಯಷ್ಟು ಕ್ರೋಮಿಯಂ ಇರುತ್ತದೆ. ಹಣ್ಣು ಕೊಯ್ದು ಒರೆಸದೆ ಮರೆತುಬಿಡುವವರಿಗೆ ಅದೇ ಸರಿ. ಕಮಾನುಪಟ್ಟಿಯಂಥ ಕಾರ್ಬನ್ ಉಕ್ಕು ಸುಲಭಕ್ಕೆ ಸಾಣೆ ಹಿಡಿಯುತ್ತದೆ, ಒಳ್ಳೆಯ ಬಾಯಿ ಬರುತ್ತದೆ, ಆದರೆ ಒರೆಸಿ ಎರಡು ಹನಿ ಕೊಬ್ಬರಿಎಣ್ಣೆ ಸವರದಿದ್ದರೆ ಮರುದಿನವೇ ತುಕ್ಕು. ಕಪ್ಪು ಬಣ್ಣ, ಕೆತ್ತನೆ, ಹೆಸರು ಇವಕ್ಕೂ ಲೋಹಕ್ಕೂ ಸಂಬಂಧವಿಲ್ಲ. ಯಾವ ಉಕ್ಕು ಎಂದು ಮಾರುವವರೇ ಹೇಳದಿದ್ದರೆ ಹೆಚ್ಚು ದುಡ್ಡು ಕೊಡಬೇಡಿ.

ನಾಲ್ಕನೆಯದು ಹಿಡಿ ಮತ್ತು ಒರೆ. ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ. ಬೆರಳು ಮುಂದಕ್ಕೆ ಅಲಗಿನ ಮೇಲೆ ಜಾರದಂತೆ ಹಿಡಿಯಲ್ಲಿ ತಡೆ ಇರಬೇಕು. ಒರೆ ತಲೆಕೆಳಗಾಗಿ ಹಿಡಿದರೂ ಚಾಕು ಬೀಳಬಾರದು.

ಕೊನೆಯದು ಸಾಣೆ. ಮೊಂಡು ಚಾಕಿಗೆ ಬಲ ಹಾಕಿ ಒತ್ತುತ್ತೇವೆ, ಜಾರಿದಾಗ ಆ ಬಲವೆಲ್ಲ ಕೈಮೇಲೆ ಬರುತ್ತದೆ. ಕಲ್ಲನ್ನು ಒದ್ದೆ ಮಾಡಿ, ಅಲಗನ್ನು ಸುಮಾರು 20 ಡಿಗ್ರಿ ಓರೆಯಲ್ಲಿಟ್ಟು, ಎರಡೂ ಬದಿ ಸಮನಾಗಿ ಉಜ್ಜಿ. ನೇತುಹಿಡಿದ ಹಳೇ ಪತ್ರಿಕೆಯ ಹಾಳೆ ಹರಿಯದೆ ಕೊಯ್ದುಕೊಂಡರೆ ಸಾಣೆ ಆಯಿತೆಂದು ಅರ್ಥ.

ಎಲ್ಲಿಗೆ ಒಯ್ಯಬಾರದು

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 2016ರ ನಿಯಮಗಳು, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಚಾಕು, ಕತ್ತಿಗಳನ್ನು ಶಸ್ತ್ರಗಳ ಪಟ್ಟಿಗೆ ಸೇರಿಸುತ್ತವೆ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆಂದು ಮಾಡಿದವನ್ನು ಮಾತ್ರ ಹೊರಗಿಟ್ಟಿವೆ. ಹಾಗೆಂದು ಚಿಕ್ಕ ಚಾಕನ್ನು ಎಲ್ಲೆಂದರಲ್ಲಿ ಒಯ್ಯಬಹುದು ಎಂದಲ್ಲ. ನಿಷೇಧಾಜ್ಞೆ ಇರುವ ಕಡೆ, ಪರೀಕ್ಷಾ ಕೇಂದ್ರಕ್ಕೆ, ವಿಮಾನದ ಕೈಚೀಲದಲ್ಲಿ ಬೇಡವೇ ಬೇಡ.

ಹುಣಸೂರು, ಎಚ್.ಡಿ. ಕೋಟೆ ಕಡೆಯ ಗೆಳೆಯರೂ, ಅಲ್ಲಿಗೆ ಸುತ್ತಾಡಲು ಹೋಗುವವರೂ ಇನ್ನೊಂದು ನೆನಪಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಎಂಬುದರ ವ್ಯಾಖ್ಯೆಯೊಳಗೆ ಚಾಕೂ ಇದೆ. ನಾಗರಹೊಳೆಯಂಥ ರಾಷ್ಟ್ರೀಯ ಉದ್ಯಾನದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಕಾಡಿಗೆ ಹೋಗುತ್ತೇವೆ, ಚಾಕು ಇರಲಿ ಎಂದುಕೊಳ್ಳುವ ಜಾಗದಲ್ಲೇ ಅದು ಇರಬಾರದು. ಸರ್ಕಾರಿ ಕೆಲಸಕ್ಕೆ ಓದುತ್ತಿರುವ ನಾವು ಒಂದು ಕೇಸು ಮೈಮೇಲೆ ಎಳೆದುಕೊಂಡರೆ ಪೊಲೀಸ್ ಪರಿಶೀಲನೆಯ ಹೊತ್ತಿಗೆ ಏನಾಗುತ್ತದೆ, ಯೋಚಿಸಿ.

ಈಗ ಬ್ಯಾಗಿನಲ್ಲಿ

ಕುಲುಮೆಯಿಂದ ಬರುವಾಗ ಅಪ್ಪನಿಗೆ ನಿಜ ಹೇಳಿದೆ. ಬೈಕು, ಕತ್ತಲು, ನಿದ್ದೆ ಇಲ್ಲದ ರಾತ್ರಿ, ಎಲ್ಲ. ಅವರು ಸ್ವಲ್ಪ ದೂರ ಮಾತಾಡದೆ ನಡೆದರು. ಆಮೇಲೆ ‘ಕೋಚಿಂಗ್ ಬಿಡಿಸ್ತೀನಿ ಅನ್ಕೊಂಡಿದ್ಯಾ?’ ಅಂದರು. ಹೌದು ಅಂದೆ. ‘ಚಾಕ್ ತಗೊಳೋ ಬದ್ಲು ಒಂದು ಫೋನ್ ಮಾಡಿದ್ರೆ ಆಗ್ತಿರ್ಲಿಲ್ವ’ ಅಂದರು, ಅಷ್ಟೇ. ಅಂದಿನಿಂದ ಬಸ್ಸು ಕೆ.ಆರ್. ನಗರ ಬಿಟ್ಟ ಕೂಡಲೇ ಫೋನ್ ಮಾಡುತ್ತೇನೆ. ಇಳಿಯುವ ಹೊತ್ತಿಗೆ ಅಪ್ಪನ ಟಿವಿಎಸ್ ನಿಂತಿರುತ್ತದೆ. ಅವರಿಗೆ ಆಗದ ದಿನ ತಮ್ಮ ಬರುತ್ತಾನೆ.

ಬ್ಯಾಗಿನಲ್ಲಿ ಈಗ ಒಂದು ಟಾರ್ಚ್, ಒಂದು ಸೀಟಿ ಇವೆ. ಮೊಬೈಲಿನಲ್ಲಿ 112 ಒತ್ತುವುದು ರೂಢಿಯಾಗಿದೆ. ಚಾಕು ಹೊರಗೆ ತೆಗೆದರೆ ಎದುರಿನವನು ಹೆದರುತ್ತಾನೆ ಎಂಬುದು ಸಿನಿಮಾದ ಲೆಕ್ಕ. ಬಲ ಹೆಚ್ಚಿದ್ದವನ ಕೈಗೆ ಅದು ಹೋಗಲು ಎಷ್ಟು ಹೊತ್ತು? ಬಂದ ಭಯ ಸಣ್ಣದಲ್ಲ, ಅದನ್ನು ತಮಾಷೆ ಮಾಡಬೇಡಿ. ಆದರೆ ಅದಕ್ಕೆ ಮದ್ದು ಚಾಕಿನಲ್ಲಿ ಇರಲಿಲ್ಲ.

ಆಚಾರ್ರು ಮಾಡಿಕೊಟ್ಟ ಚಾಕಿಗೆ ಕರಿಜಾಲಿಯ ಹಿಡಿ. 300 ರೂಪಾಯಿ ತೆಗೆದುಕೊಂಡರು. ಅದು ಕೊಟ್ಟಿಗೆಯ ಗೂಟದಲ್ಲಿ ಒರೆಯ ಸಮೇತ ನೇತಾಡುತ್ತದೆ, ಊರು ಬಿಟ್ಟು ಬರುವುದಿಲ್ಲ. ದಿನಕ್ಕೆ ಹತ್ತು ಸಲ ಕೈಗೆ ಬರುತ್ತದೆ. ಮೊನ್ನೆ ಯಾರೋ ಹೊಸ ಆನ್‌ಲೈನ್ ಕೋರ್ಸಿಗೆ ಹನ್ನೆರಡು ಸಾವಿರ ಕಟ್ಟು ಎಂದಾಗಲೂ ಆ ಪ್ರಶ್ನೆಯೇ ಬಾಯಿಗೆ ಬಂತು: ಇದರಲ್ಲಿ ಏನು ಕೊಯ್ಯುತ್ತೀನಿ?

ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ಬೆರಳಲ್ಲಿ ಗೆರೆಯಂಥ ಗಾಯದ ಕಲೆ ಉಳಿದಿದೆ, ಆದರೆ ಪೆನ್ನು ಸರಿಯಾಗಿ ಹಿಡಿಯುತ್ತದೆ. ಹಸುವಿನ ಹಗ್ಗ ಬಿಗಿದುಕೊಂಡರೆ ಈಗ ಮೀಟುವುದಿಲ್ಲ. ಬಿಚ್ಚಲು ನೋಡುತ್ತೇನೆ, ಆಗದಿದ್ದರೆ ಕೊಯ್ದು ಹೊಸ ಗಂಟು ಹಾಕುತ್ತೇನೆ.