ನಾಯಿಮರಿಗೆ ಬೇಕಾದ ಸಾಮಾನು

ಎರಡು ವರ್ಷಗಳ ಹಿಂದೆ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಗೊಂದು ನಾಯಿಮರಿ ಬಂದಿತು. ಅದು ಬರುವ ಮೊದಲೇ ನಾನು ಸಂತೆಯಲ್ಲಿ ಕೆಂಪು ಕೊರಳಪಟ್ಟಿ, ಹಿತ್ತಾಳೆಯ ಗೆಜ್ಜೆ, ಸರಪಳಿ ಎಲ್ಲವನ್ನೂ ಕೊಂಡಿಟ್ಟಿದ್ದೆನು. ವಿದ್ಯಾರ್ಥಿವೇತನದಲ್ಲಿ ಉಳಿದಿದ್ದ ಹಣ ಅಲ್ಲಿಗೆ ಮುಗಿಯಿತು. ಆರನೆಯ ದಿನ ಮರಿಗೆ ವಾಂತಿ, ರಕ್ತಭೇದಿ ಹಿಡಿದು, ಮೂರೇ ದಿನಗಳಲ್ಲಿ ತೀರಿಕೊಂಡಿತು. ಆದುದರಿಂದ ಮರಿ ತರಬೇಕೆಂದಿರುವ ಸಹಪಾಠಿಗಳಿಗೆ ಯಾವುದನ್ನು ಮೊದಲು ಹೊಂದಿಸಿಕೊಳ್ಳಬೇಕೆಂದು ಹೇಳಲು ನನಗೆ ಸ್ವಲ್ಪ ಅಧಿಕಾರವಿದೆ.

ಮೊದಲು ಬೇಕಾದುದು ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಅದು ಪಶುವೈದ್ಯರು ಬರೆದುಕೊಡುವ ಲಸಿಕೆಯ ಚೀಟಿ. ನಮ್ಮ ಮರಿಯನ್ನು ಕೊಂದದ್ದು ಪಾರ್ವೋ ಎಂಬ ವೈರಾಣು. 1978ರ ಸುಮಾರಿಗೆ ಗುರುತಾದ ರೋಗವಿದು. ನಮ್ಮ ಅಜ್ಜಂದಿರ ಮದ್ದಿನ ಗಂಟಿನಲ್ಲಿ ಇದಕ್ಕೆ ಮದ್ದಿಲ್ಲದಿದ್ದರೆ ಆಶ್ಚರ್ಯವೇನು? ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ರಕ್ಷಣೆಯು ವಾರಗಳು ಕಳೆದಂತೆ ಕುಗ್ಗುತ್ತದೆ. ಅದು ಇರುವವರೆಗೆ ಲಸಿಕೆಯ ಕೆಲಸಕ್ಕೂ ಅಡ್ಡಬರುತ್ತದೆ. ಯಾವ ಮರಿಯಲ್ಲಿ ಎಂದು ಮುಗಿಯುವುದೋ ಹೊರಗಿನಿಂದ ತಿಳಿಯದು. ಆದಕಾರಣ 6ರಿಂದ 8 ವಾರದೊಳಗೆ ಮೊದಲ ಚುಚ್ಚುಮದ್ದು ಹಾಕಿಸಿ, 3-4 ವಾರಗಳಿಗೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ಮತ್ತೆ ಹಾಕಿಸಬೇಕು. ಒಂದೇ ಸೂಜಿ ಸಾಲದೇ ಎಂಬವರಿಗೆ ಇದೇ ಉತ್ತರ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಅದು ಮರಿಗೆಷ್ಟು ಅವಶ್ಯವೋ ಮನೆಮಂದಿಗೂ ಅಷ್ಟೇ. ಜಂತಿನ ಔಷಧವನ್ನೂ ಅಲ್ಲಿಯೇ ಕೇಳಿ ಪಡೆಯಬೇಕು.

ಇನ್ನು ಹಾಸಿಗೆ. ಹಳೆಯ ಹತ್ತಿಯ ಸೀರೆಯನ್ನು ಮಡಿಸಿ ಹಾಕಿದರೆ ಸಾಕು, ಆದರೆ ರೋಗದಿಂದ ಸತ್ತ ಮರಿಯದು ಮಾತ್ರ ಬೇಡ. ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಸಾಮಾನ್ಯ ಸಾಬೂನಿಗೆ ಬಗ್ಗುವುದಿಲ್ಲ. ಎರಡನೆಯ ಮರಿ ಈ ವರ್ಷ ಬಂದಾಗ ಅಮ್ಮ ಹಳೆಯ ಗೋಣಿಯನ್ನು ಒಗೆದು, ಒಣಗಿಸಿ, ಜೋಪಾನವಾಗಿ ತೆಗೆದಿಟ್ಟಿದ್ದಳು! ಅದನ್ನು ಸುಟ್ಟೆನು. ಒಳ್ಳೆಯ ಗೋಣಿ ಹಾಳುಮಾಡಿದೆನೆಂದು ಆಕೆಗೆ ಇನ್ನೂ ಬೇಸರ. ಮರಿಯನ್ನು ಹಿತ್ತಿಲಿಗೆ ಬಿಡದೆ ಮುಂದಿನ ಜಗುಲಿಯಲ್ಲಿಯೇ ಸಾಕುತ್ತಿದ್ದೇವೆ. ಜಗುಲಿಯನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿದ ಮೇಲೆಯೇ ಮರಿಯನ್ನು ಬಿಟ್ಟೆವು.

ಉಳಿದವು ಸುಲಭ. ಮಗುಚಿಬೀಳದ ಭಾರವಾದ ಬಟ್ಟಲುಗಳೆರಡು: ಒಂದು ನೀರಿಗೆ, ಒಂದು ಊಟಕ್ಕೆ. ಊಟ ದಿನಕ್ಕೆ ಮೂರು ನಾಲ್ಕು ಬಾರಿ, ಸ್ವಲ್ಪಸ್ವಲ್ಪ. ಹಸುವಿನ ಹಾಲು ಅನೇಕ ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ. ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ ಮೇಲು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೇಯಿಸಿದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚೀತು. ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳತೊಡಗಿದಾಗ ಮರಿಯು ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ದಪ್ಪ ಬಟ್ಟೆಯನ್ನು ಗಂಟುಹಾಕಿ ಕೊಡಿರಿ, ಇಲ್ಲವಾದರೆ ಅರ್ಥಶಾಸ್ತ್ರದ ಟಿಪ್ಪಣಿಗಳ ಆಸೆ ಬಿಡಿರಿ. ಕೊರಳಪಟ್ಟಿ ಬಟ್ಟೆಯದಾಗಿರಲಿ, ಎರಡು ಬೆರಳು ತೂರುವಷ್ಟು ಸಡಿಲವಿದೆಯೇ ಎಂದು ವಾರಕ್ಕೊಮ್ಮೆ ನೋಡಬೇಕು, ಮರಿಯ ಕುತ್ತಿಗೆ ಬೇಗ ಬೆಳೆಯುತ್ತದೆ. ಗೆಜ್ಜೆ ಬೇಕಿಲ್ಲ.

“ನಾಯಿಗೂ ಸೂಜಿ ಹಾಕುಸ್ತಾರೇನೋ?” ಎಂದು ಅಪ್ಪ ಮೊದಲು ನಕ್ಕಿದ್ದರು. ಅವರು ಓದಲಾರರು, ಚೀಟಿಯ ದಿನಾಂಕಗಳನ್ನು ನಾನೇ ಓದಿಹೇಳಿದೆನು. ಅದನ್ನೀಗ ಪಡಿತರ ಚೀಟಿಯ ಜೊತೆಗೆ ಇಟ್ಟಿದ್ದಾರೆ. ಮೂರನೆಯ ಸೂಜಿಯ ದಿನ ನನಗೆ ಪರೀಕ್ಷೆ. ಮರಿಯನ್ನು ಹೆಗಲವಸ್ತ್ರದಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ತಾವೇ ಕರೆದೊಯ್ಯುವುದಾಗಿ ಹೇಳಿದ್ದಾರೆ.