‘ಸಾಧಾರಣ’ ಮಳೆ ಎಂದರೆ ಎಷ್ಟು? ತಜ್ಞಭಾಷೆ ಮತ್ತು ಆಡುಭಾಷೆಗಳ ನಡುವಿನ ಅರ್ಥಾಂತರ

ಪ್ರಮುಖ ಪದಗಳು: ಪಾರಿಭಾಷಿಕ ಪದ, ಅರ್ಥಾಂತರ, ಭಾಷಿಕ ಶ್ರಮವಿಭಜನೆ, ಹವಾಮಾನ ಮುನ್ಸೂಚನೆ

ತಜ್ಞರೂ ತಜ್ಞರಲ್ಲದವರೂ ಕೂಡಿ ದುಡಿಯುವಲ್ಲಿ ಸಂವಹನ ಕೆಡುವುದು ಕಠಿಣ ಪದಗಳಿಂದ ಎಂಬುದು ರೂಢಿಯ ಅಭಿಪ್ರಾಯ. ಆದರೆ ಅಪರಿಚಿತ ಪದವು ಕೇಳುಗರಲ್ಲಿ ಪ್ರಶ್ನೆಯನ್ನಾದರೂ ಹುಟ್ಟಿಸುತ್ತದೆ; ಪರಿಚಿತ ಪದ ಅದನ್ನೂ ಹುಟ್ಟಿಸುವುದಿಲ್ಲ. ಆದ್ದರಿಂದ ಎರಡನೆಯದೇ ಹೆಚ್ಚು ಅಪಾಯಕಾರಿ ಎಂಬುದನ್ನು ಹವಾಮಾನ ಮುನ್ಸೂಚನೆಯ ಕನ್ನಡವನ್ನು ಆಧರಿಸಿ ಇಲ್ಲಿ ವಿವರಿಸುತ್ತೇವೆ.

ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಂತೆ 24 ಗಂಟೆಗಳಲ್ಲಿ 15.6ರಿಂದ 64.4 ಮಿ.ಮೀ. ಸುರಿದರೆ ಅದು ‘ಮಾಡರೇಟ್’. ಕನ್ನಡ ವರದಿಗಳಲ್ಲಿ ‘ಸಾಧಾರಣ ಮಳೆ’. 64.5ರಿಂದ 115.5 ಮಿ.ಮೀ. ‘ಭಾರೀ’, ಅಲ್ಲಿಂದ 204.4ರವರೆಗೆ ‘ಅತಿ ಭಾರೀ’. ತಜ್ಞರಿಗೆ ‘ಸಾಧಾರಣ’ವು ಅಳತೆಗೋಲಿನ ನಡುವಣ ಒಂದು ಮೆಟ್ಟಿಲು. ಆಡುಮಾತಿನಲ್ಲಾದರೋ ಅದು ವಿಶೇಷವಿಲ್ಲದ್ದು, ಗಣನೆಗೆ ಬಾರದ್ದು. ‘ಆಸಾಮಿ ಸಾಧಾರಣದವನಲ್ಲ’ ಎಂಬ ನಿಷೇಧರೂಪ ಈ ಅರ್ಥವನ್ನು ಸ್ಪಷ್ಟಪಡಿಸುತ್ತದೆ. ಮೇಲಾಗಿ ಈ ವರ್ಗವು ಮಳೆಯ ವೇಗವನ್ನು ಹೇಳುವುದಿಲ್ಲ. ದಿನವಿಡೀ ಜಿನುಗಿದ 60 ಮಿ.ಮೀ. ಹೊಲಕ್ಕೆ ಇಂಗುತ್ತದೆ, ಒಂದೇ ತಾಸಿನಲ್ಲಿ ಸುರಿದ ಅಷ್ಟೇ ಮಳೆ ನಗರದ ಕೆಳಸೇತುವೆಯನ್ನು ಮುಳುಗಿಸಬಲ್ಲದು. ಎರಡೂ ‘ಸಾಧಾರಣ’ವೇ.

ಸ್ಥಳವಾಚಿಗಳದೂ ಇದೇ ಕಥೆ. ‘ಒಂದೆರಡು ಕಡೆ’ ಎಂದರೆ ಪರಿಭಾಷೆಯಲ್ಲಿ ಶೇ. 25ರವರೆಗಿನ ಮಾಪನ ಕೇಂದ್ರಗಳು. ಪ್ರದೇಶದಲ್ಲಿ 40 ಕೇಂದ್ರಗಳಿದ್ದರೆ ಅದು ಹತ್ತರವರೆಗೂ ಹೋಗಬಹುದು. ಓದುಗರು ಎಣಿಸುವುದು ಎರಡನ್ನೇ.

ಚಿನ್ನ ಯಾವುದೆಂಬ ನಿರ್ಣಯವನ್ನು ಸಾಮಾನ್ಯರು ತಜ್ಞರಿಗೆ ಬಿಟ್ಟುಕೊಡುತ್ತಾರೆ ಎಂದು ಹಿಲರಿ ಪಟ್ನಮ್ 1975ರಲ್ಲಿ ‘ಭಾಷಿಕ ಶ್ರಮವಿಭಜನೆ’ಯನ್ನು ವಿವರಿಸಿದರು. ನಮ್ಮ ಉದಾಹರಣೆಗಳಲ್ಲಿ ಆ ಬಿಟ್ಟುಕೊಡುವಿಕೆಯೇ ನಡೆಯುವುದಿಲ್ಲ. ಪದ ತನ್ನದೇ ಎಂದು ಬಗೆದವರು ಅರ್ಥವನ್ನು ಯಾರಲ್ಲಿ ಕೇಳಿಯಾರು?

ರಾತ್ರಿ ಪಾಳಿಯ ಪುರಸಭಾ ಅಧಿಕಾರಿಯೊಬ್ಬರು ‘ಸಾಧಾರಣ ಮಳೆ’ ಎಂದು ಓದಿ ನೀರೆತ್ತುವ ಪಂಪುಗಳನ್ನು ಸಜ್ಜುಗೊಳಿಸಲಿಲ್ಲ ಎಂದು ಊಹಿಸೋಣ. ಮುನ್ಸೂಚನೆ ತಪ್ಪಲ್ಲ, ಕನ್ನಡದ ಮಟ್ಟಿಗೆ ಓದೂ ತಪ್ಪಲ್ಲ. ಆದರೂ ನೀರು ಮನೆಗಳಿಗೆ ನುಗ್ಗುತ್ತದೆ.

ಹೊಸ ಪದವನ್ನು ಟಂಕಿಸುವುದಷ್ಟೇ ಇದಕ್ಕೆ ಪರಿಹಾರವಲ್ಲ. ಪದದ ಜೊತೆಗೆ ಅಳತೆಯನ್ನೂ ಮಾಡಬೇಕಾದ ಕೆಲಸವನ್ನೂ ಹೇಳಬೇಕು. ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ ಎನ್ನುವ ಇಲಾಖೆಯ ಬಣ್ಣದ ಸಂಕೇತಗಳು ಈ ದಿಕ್ಕಿನವೇ. ಎರಡನೆಯದಾಗಿ, ‘ಅರ್ಥವಾಯಿತೇ?’ ಎಂಬ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಸುಲಭವಾಗಿ ದೊರೆಯುತ್ತದೆ. ‘ಈಗ ಏನು ಮಾಡುವಿರಿ?’ ಎಂದು ಕೇಳಿದಾಗ ಮಾತ್ರ ಅರ್ಥಾಂತರ ಹೊರಬೀಳುತ್ತದೆ. ಪಾರಿಭಾಷಿಕ ಕೋಶಗಳನ್ನು ರಚಿಸುವ ನಾವು ಪ್ರತಿ ಪದದ ತಾಂತ್ರಿಕ ಅರ್ಥದ ಪಕ್ಕದಲ್ಲಿ ಅದರ ಬಳಕೆಯ ಅರ್ಥವನ್ನೂ ದಾಖಲಿಸುವುದು ಈ ಕಾರಣಕ್ಕಾಗಿಯೇ ಅಗತ್ಯ.