ಮೊದಲ ಓಟದ ಸ್ಪರ್ಧೆ: ಕೊನೆಯ ಏಳು ದಿನಗಳ ಸಿದ್ಧತೆ ಹೇಗೆ?

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ಓಟದ ಸ್ಪರ್ಧೆಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಮೊದಲ ಬಾರಿಗೆ 5 ಅಥವಾ 10 ಕಿಲೋಮೀಟರ್ ಓಟಕ್ಕೆ ಹೆಸರು ನೋಂದಾಯಿಸಿದವರಲ್ಲಿ ಹಲವರು ಎಡವುವುದು ಓಟದ ದಿನದಂದಲ್ಲ, ಅದರ ಹಿಂದಿನ ವಾರದಲ್ಲಿ. ಅಭ್ಯಾಸ ಸಾಲದಾಯಿತೇನೋ ಎಂಬ ಅಳುಕು ಆ ದಿನಗಳಲ್ಲಿ ಕಾಡತೊಡಗುತ್ತದೆ. ಕೊರತೆಯನ್ನು ತುಂಬಿಕೊಳ್ಳುವ ಆತುರದಲ್ಲಿ ದಿನವೂ ದೀರ್ಘವಾಗಿ ಓಡಿ, ಸ್ಪರ್ಧೆಯ ಮುಂಜಾನೆ ನೋಯುವ ಕಾಲುಗಳೊಂದಿಗೆ ಆರಂಭದ ಗೆರೆಯ ಬಳಿ ನಿಲ್ಲುವವರು ಕಡಿಮೆಯೇನಲ್ಲ.

ಬೆಂಗಳೂರಿನಲ್ಲಿ ವರ್ಲ್ಡ್ 10ಕೆ ಓಟ ಆರಂಭವಾದದ್ದು 2008ರಲ್ಲಿ. ವಿಶ್ವದರ್ಜೆಯ ಓಟಗಾರರು ಪಾಲ್ಗೊಳ್ಳುವ ಈ ಕೂಟದಲ್ಲಿ ಸಾಮಾನ್ಯ ನಾಗರಿಕರಿಗೂ 10 ಕಿಲೋಮೀಟರ್ ಓಡುವ ಅವಕಾಶವಿದೆ. ಅಷ್ಟು ದೂರ ಬೇಡವೆನ್ನುವವರಿಗೆ ಮಜಾ ರನ್ ಇದೆ. ಮೈಸೂರು, ಮಂಗಳೂರು ಮೊದಲಾದ ನಗರಗಳಲ್ಲಿಯೂ ಇಂತಹ ಓಟಗಳು ನಡೆಯುತ್ತಿವೆ. ಇತಿಹಾಸದ ಒಂದು ಅಂಶ ಇಲ್ಲಿ ಗಮನಾರ್ಹ. ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ 5,000 ಮತ್ತು 10,000 ಮೀಟರ್ ಓಟಗಳು 1912ರಿಂದಲೇ ಇದ್ದವು. ಮಹಿಳೆಯರಿಗೆ 10,000 ಮೀಟರ್ ಓಟ ದೊರೆತದ್ದು 1988ರಲ್ಲಿ, 5,000 ಮೀಟರ್ ಓಟ ದೊರೆತದ್ದು 1996ರಲ್ಲಿ. ಇಂದು ಗೃಹಿಣಿಯರೂ ನಿವೃತ್ತರೂ ಇದೇ ದೂರವನ್ನು ಓಡಲು ಮುಂದೆ ಬರುತ್ತಿದ್ದಾರೆ.

ವಿಶ್ರಾಂತಿಯೂ ಅಭ್ಯಾಸವೇ

ಓಡುವಾಗ ಸ್ನಾಯುಗಳ ಎಳೆಗಳಲ್ಲಿ ಅತಿಸೂಕ್ಷ್ಮ ಹಾನಿ ಉಂಟಾಗುತ್ತದೆ. ದೇಹವು ವಿಶ್ರಾಂತಿಯ ಅವಧಿಯಲ್ಲಿ ಅದನ್ನು ಸರಿಪಡಿಸುತ್ತಾ ಸ್ನಾಯುಗಳನ್ನು ಮೊದಲಿಗಿಂತ ಬಲಗೊಳಿಸುತ್ತದೆ. ಇಂದಿನ ಶ್ರಮದ ಫಲ ಕೈಸೇರಲು ಹತ್ತು ದಿನಗಳಿಂದ ಎರಡು ವಾರಗಳಷ್ಟು ಕಾಲ ಬೇಕಾಗುತ್ತದೆ. ಆದ್ದರಿಂದ ಕೊನೆಯ ವಾರದಲ್ಲಿ ಮಾಡಿದ ಕಠಿಣ ಅಭ್ಯಾಸದಿಂದ ಸ್ಪರ್ಧೆಗೆ ಲಾಭವಿಲ್ಲ. ದಣಿವು ಮಾತ್ರ ಖಚಿತ. ಹಾಗೆಂದು ಪೂರ್ಣವಾಗಿ ನಿಲ್ಲಿಸಿಬಿಟ್ಟರೆ ಕಾಲುಗಳು ಜಡವಾದಂತೆ ಅನಿಸುತ್ತವೆ. ದೂರವನ್ನು ಅರ್ಧದಷ್ಟಕ್ಕೆ ಇಳಿಸಿ, ಲಯವನ್ನು ಉಳಿಸಿಕೊಳ್ಳುವುದೇ ಸರಿಯಾದ ಮಾರ್ಗ.

ಸ್ಪರ್ಧೆ ಭಾನುವಾರವೆಂದು ಇಟ್ಟುಕೊಳ್ಳೋಣ. ಸೋಮವಾರ ಕೇವಲ ನಡಿಗೆ ಸಾಕು. ಮಂಗಳವಾರ 3ರಿಂದ 4 ಕಿಲೋಮೀಟರ್ ಹಗುರವಾಗಿ ಓಡಿ, ಕೊನೆಯಲ್ಲಿ 20 ಸೆಕೆಂಡುಗಳ ಮೂರು ನಾಲ್ಕು ಚುರುಕಾದ ಓಟಗಳನ್ನು ಸೇರಿಸಬಹುದು. ಬುಧವಾರ ವಿಶ್ರಾಂತಿ. ಗುರುವಾರ 2ರಿಂದ 3 ಕಿಲೋಮೀಟರ್ ನಿಧಾನದ ಓಟ. ಶುಕ್ರವಾರ ಪುನಃ ವಿಶ್ರಾಂತಿ. ಶನಿವಾರ ಮನಸ್ಸಿದ್ದರೆ ಹತ್ತು ಹದಿನೈದು ನಿಮಿಷ ಓಡಬಹುದು, ಇಲ್ಲದಿದ್ದರೆ ಬಿಡಬಹುದು. ಈ ವಾರ ಹೊಸ ವ್ಯಾಯಾಮ, ಬೆಟ್ಟ ಹತ್ತುವ ಸಾಹಸ, ಭಾರ ಎತ್ತುವ ಪ್ರಯೋಗಗಳು ಬೇಡ.

ಊಟ ಮತ್ತು ನೀರು

ಅನ್ನ, ರಾಗಿ, ಗೋಧಿಗಳಲ್ಲಿರುವ ಪಿಷ್ಟವು ಗ್ಲೈಕೋಜೆನ್ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗಿರುತ್ತದೆ. ಈ ದಾಸ್ತಾನು ಸುಮಾರು ಒಂದೂವರೆ ಗಂಟೆಯ ಶ್ರಮಕ್ಕೆ ಸಾಕಾಗುತ್ತದೆ. ಓಟಕ್ಕೆ ವ್ಯಯವಾಗುವ ಶಕ್ತಿಯನ್ನು ಪ್ರತಿ ಕಿಲೋಮೀಟರಿಗೆ ದೇಹತೂಕದ ಒಂದು ಕಿಲೋಗ್ರಾಮಿಗೆ ಸುಮಾರು ಒಂದು ಕಿಲೋಕ್ಯಾಲರಿಯಂತೆ ಲೆಕ್ಕ ಹಾಕುವುದು ರೂಢಿ. ಅಂದರೆ 60 ಕಿಲೋ ತೂಕದವರು 5 ಕಿಲೋಮೀಟರ್ ಓಡಿದರೆ ವ್ಯಯವಾಗುವುದು ಸುಮಾರು 300 ಕಿಲೋಕ್ಯಾಲರಿ. ಹಾಗಾಗಿ ಮ್ಯಾರಥಾನ್ ಓಟಗಾರರಂತೆ ದಿನಗಟ್ಟಲೆ ಪಿಷ್ಟವನ್ನು ತುಂಬಿಕೊಳ್ಳುವ ಅಗತ್ಯ ಕಿರು ಓಟಕ್ಕೆ ಇಲ್ಲ. ನಿತ್ಯದ ಊಟವೇ ಸಾಕು.

ಹಿಂದಿನ ರಾತ್ರಿ ಬೇಗನೆ ಊಟ ಮಾಡಬೇಕು. ಎಣ್ಣೆಯಲ್ಲಿ ಕರಿದ ತಿಂಡಿ, ಅತಿ ಖಾರ, ಹೆಚ್ಚು ಕಾಳುಗಳು, ಪರಿಚಯವಿಲ್ಲದ ಹೋಟೆಲಿನ ಊಟ ಇವುಗಳಿಂದ ದೂರವಿರುವುದು ಕ್ಷೇಮ. ಓಡುವಾಗ ರಕ್ತವು ಜೀರ್ಣಾಂಗಗಳಿಂದ ಕಾಲುಗಳತ್ತ ಹರಿಯುವುದರಿಂದ, ಅರಗದ ಆಹಾರ ಹೊಟ್ಟೆನೋವಿಗೆ ಕಾರಣವಾಗುತ್ತದೆ. ಓಟಕ್ಕೆ ಎರಡು ಗಂಟೆ ಮೊದಲು ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು ತಿನ್ನಬಹುದು. ಬೆಳಗಿನ ಕಾಫಿಯ ರೂಢಿ ಇದ್ದವರು ಅದನ್ನು ತಪ್ಪಿಸಬೇಕಾಗಿಲ್ಲ. ರೂಢಿ ಇಲ್ಲದವರು ಅಂದು ಹೊಸದಾಗಿ ಆರಂಭಿಸಬಾರದು.

ಬಾಯಾರಿಕೆಯೇ ನೀರಿಗೆ ಉತ್ತಮ ಅಳತೆಗೋಲು. ಮೂತ್ರ ತಿಳಿಹಳದಿ ಬಣ್ಣದಲ್ಲಿದ್ದರೆ ದೇಹದಲ್ಲಿ ನೀರು ಸಾಕಷ್ಟಿದೆ ಎಂದರ್ಥ. ಭಯಕ್ಕೆ ಒಂದೇ ಸಮನೆ ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ಪ್ರಮಾಣ ಕುಸಿಯುವ ಅಪಾಯವಿದೆ ಎಂಬುದನ್ನು ಮರೆಯಬಾರದು.

ಹೊಸತು ಬೇಡ

ಸ್ಪರ್ಧೆಗೆಂದೇ ಹೊಸ ಶೂ ಕೊಳ್ಳುವ ಉತ್ಸಾಹ ಹಲವರಲ್ಲಿದೆ. ಪಾದಕ್ಕೆ ಒಗ್ಗದ ಶೂ ಎರಡನೆಯ ಕಿಲೋಮೀಟರಿನಲ್ಲಿಯೇ ಬೊಬ್ಬೆ ಎಬ್ಬಿಸಬಹುದು. ಅಭ್ಯಾಸಕ್ಕೆ ಬಳಸಿದ ಶೂ, ಕಾಲುಚೀಲ ಮತ್ತು ಉಡುಪುಗಳೇ ಅಂದಿಗೂ ಇರಲಿ. ಬೆವರನ್ನು ಹಿಡಿದಿಟ್ಟುಕೊಂಡು ಚರ್ಮವನ್ನು ಉಜ್ಜುವ ಹತ್ತಿ ಬಟ್ಟೆಗಿಂತ ಬೇಗ ಒಣಗುವ ಬಟ್ಟೆ ಮೇಲು. ತೊಡೆಸಂದು, ಕಂಕುಳುಗಳಿಗೆ ಸ್ವಲ್ಪ ವ್ಯಾಸಲೀನ್ ಸವರಿಕೊಂಡರೆ ಉರಿ ತಪ್ಪುತ್ತದೆ. ಕಾಲುಗುರುಗಳನ್ನು ಎರಡು ಮೂರು ದಿನ ಮೊದಲೇ ಕತ್ತರಿಸಿಕೊಳ್ಳಬೇಕು.

ಬಿಬ್ ಎಂದು ಕರೆಯುವ ಸಂಖ್ಯೆಯ ಪಟ್ಟಿಯನ್ನು ದೊಡ್ಡ ಓಟಗಳಲ್ಲಿ ಮೊದಲೇ ವಿತರಿಸಲಾಗುತ್ತದೆ. ಅದಕ್ಕೆ ಗುರುತಿನ ಚೀಟಿ ಬೇಕು. ಬಿಬ್‌ಗೆ ಸಾಮಾನ್ಯವಾಗಿ ಓಟದ ಕಾಲವನ್ನು ಅಳೆಯುವ ಚಿಪ್ ಅಂಟಿಸಿರುತ್ತಾರೆ. ನೀವು ಆರಂಭದ ಗೆರೆಯನ್ನು ದಾಟಿದ ಕ್ಷಣದಿಂದಲೇ ನಿಮ್ಮ ಚಿಪ್‌ನ ಲೆಕ್ಕ ಶುರುವಾಗುತ್ತದೆ. ಆದ್ದರಿಂದ ಮುಂದಿನ ಸಾಲಿಗೆ ನುಗ್ಗುವ ಅಗತ್ಯವಿಲ್ಲ. ಪಟ್ಟಿಯನ್ನು ಮಡಚದೆ, ಎದೆಯ ಭಾಗದಲ್ಲಿ ನಾಲ್ಕು ಪಿನ್ನುಗಳಿಂದ ಹಿಂದಿನ ರಾತ್ರಿಯೇ ಸಿಕ್ಕಿಸಿಟ್ಟರೆ ಬೆಳಗಿನ ಗಡಿಬಿಡಿ ತಪ್ಪುತ್ತದೆ. ಪಟ್ಟಿಯ ಹಿಂಬದಿಯಲ್ಲಿ ಮನೆಯವರ ದೂರವಾಣಿ ಸಂಖ್ಯೆ ಮತ್ತು ರಕ್ತದ ಗುಂಪನ್ನು ಬರೆಯುವುದು ಒಳಿತು.

ಹಿಂದಿನ ರಾತ್ರಿ ನಿದ್ರೆ ಬರಲಿಲ್ಲವೆಂದು ಗಾಬರಿಗೊಳ್ಳಬೇಕಾಗಿಲ್ಲ. ಒಂದು ರಾತ್ರಿಯ ನಿದ್ರೆ ಕೆಟ್ಟ ಮಾತ್ರಕ್ಕೆ ಕಾಲಿನ ಬಲ ಕುಂದುವುದಿಲ್ಲ. ಅದಕ್ಕೂ ಮುಂಚಿನ ಎರಡು ಮೂರು ರಾತ್ರಿಗಳಲ್ಲಿ ಚೆನ್ನಾಗಿ ಮಲಗಿದ್ದರೆ ಸಾಕು.

ಯಾವಾಗ ಓಡಬಾರದು?

ಜ್ವರವಿದ್ದರೆ ಓಡಲೇಬಾರದು. ವೈರಾಣು ಸೋಂಕು ಹೃದಯದ ಸ್ನಾಯುವಿಗೆ ತಗುಲಿದ್ದಲ್ಲಿ, ಕಠಿಣ ಶ್ರಮದಿಂದ ಹೃದಯದ ಬಡಿತ ಅಪಾಯಕಾರಿಯಾಗಿ ಏರುಪೇರಾಗಬಹುದು. ನಡೆಯುವಾಗಲೂ ಕುಂಟುವಂತೆ ಮಾಡುವ ನೋವಿದ್ದರೆ ಸ್ಪರ್ಧೆಯನ್ನು ಕೈಬಿಡುವುದೇ ಜಾಣತನ. ನೋವುನಿವಾರಕ ಮಾತ್ರೆ ನುಂಗಿ ಓಡುವ ಪರಿಪಾಠ ಸಲ್ಲದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಔಷಧಗಳು ಬೆವರಿ ನೀರಿನಂಶ ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲವು. ರಕ್ತದೊತ್ತಡ, ಮಧುಮೇಹ ಇರುವವರು, ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದ ಉದಾಹರಣೆ ಇರುವವರು, ಶ್ರಮಪಟ್ಟಾಗ ಎದೆನೋವು ಅಥವಾ ತಲೆಸುತ್ತು ಅನುಭವಿಸಿದವರು ವೈದ್ಯರನ್ನು ಕಾಣದೆ ಸ್ಪರ್ಧೆಗೆ ಇಳಿಯಬಾರದು. ಮುಂದಿನ ವರ್ಷವೂ ಓಟ ಇರುತ್ತದೆ. ಅದನ್ನು ಓಡಲು ಆರೋಗ್ಯ ಉಳಿದಿರಬೇಕು.

ನಿಧಾನವೇ ಪ್ರಧಾನ

ಆರಂಭಕ್ಕೆ ಒಂದು ಗಂಟೆ ಮುಂಚೆ ಸ್ಥಳ ತಲುಪುವುದು ಉಚಿತ. ಶೌಚಾಲಯದ ಸಾಲು ಉದ್ದವಾಗಿರುತ್ತದೆ. ಐದು ನಿಮಿಷ ಬಿರುಸಾದ ನಡಿಗೆ, ಐದು ನಿಮಿಷ ಹಗುರ ಓಟ, ಕಾಲುಗಳನ್ನು ಬೀಸುವ ಸರಳ ಚಲನೆಗಳಿಂದ ಮೈ ಬಿಸಿಯೇರುತ್ತದೆ.

ಹೊಸಬರು ಮಾಡುವ ಅತಿ ದೊಡ್ಡ ತಪ್ಪು ಮೊದಲ ಕಿಲೋಮೀಟರಿನಲ್ಲಿದೆ. ಜನಸಂದಣಿಯ ಹುಮ್ಮಸ್ಸಿನಲ್ಲಿ ವೇಗ ತಾನಾಗಿಯೇ ಏರುತ್ತದೆ. ಏದುಸಿರು ಶುರುವಾಗುವುದು ಅನಂತರ. 10 ಕಿಲೋಮೀಟರನ್ನು 80 ನಿಮಿಷಗಳಲ್ಲಿ ಮುಗಿಸಬೇಕೆಂದರೆ ಕಿಲೋಮೀಟರಿಗೆ 8 ನಿಮಿಷ ಬೇಕು. ಮೊದಲ ಕಿಲೋಮೀಟರನ್ನು ಅದಕ್ಕಿಂತ 15ರಿಂದ 20 ಸೆಕೆಂಡು ನಿಧಾನವಾಗಿಯೇ ಓಡಬೇಕು. ಪಕ್ಕದವರೊಂದಿಗೆ ಒಂದು ಪೂರ್ಣ ವಾಕ್ಯ ಮಾತನಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ ಎಂದು ತಿಳಿಯಬೇಕು. ನಡುವೆ ನಡೆಯುವುದು ನಾಚಿಕೆಯ ಸಂಗತಿಯಲ್ಲ. ಆದರೆ ನಡೆಯುವಾಗ ರಸ್ತೆಯ ಅಂಚಿಗೆ ಸರಿದು ಹಿಂದಿನವರಿಗೆ ದಾರಿ ಬಿಡಬೇಕು.

ಅಂತಿಮ ಗೆರೆ ದಾಟಿದೊಡನೆ ನಿಂತುಬಿಡಬಾರದು, ಕುಳಿತುಕೊಳ್ಳಲೂ ಬಾರದು. ಕಾಲಿನ ಸ್ನಾಯುಗಳ ಚಲನೆಯೇ ರಕ್ತವನ್ನು ಹೃದಯದತ್ತ ಮೇಲಕ್ಕೆ ಒತ್ತುತ್ತಿರುತ್ತದೆ. ಅದು ಥಟ್ಟನೆ ನಿಂತರೆ ರಕ್ತ ಕಾಲುಗಳಲ್ಲಿಯೇ ತಂಗಿ ತಲೆಸುತ್ತು ಬರಬಹುದು. ಹತ್ತು ನಿಮಿಷ ನಡೆದು, ಬಳಿಕ ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಎಳನೀರನ್ನೋ ಕುಡಿದು, ಒಂದು ಗಂಟೆಯೊಳಗೆ ಉಪಾಹಾರ ಮುಗಿಸಬೇಕು. ಮೊದಲ ಓಟದಲ್ಲಿ ಹೋಲಿಸಿ ನೋಡಲು ಹಳೆಯ ದಾಖಲೆ ಯಾವುದೂ ಇರುವುದಿಲ್ಲ. ನೋವಿಲ್ಲದೆ ಗುರಿ ಮುಟ್ಟಿ, ಮರುವಾರ ಪುನಃ ಓಡುವ ಮನಸ್ಸು ಉಳಿದಿದ್ದರೆ ಸಿದ್ಧತೆ ಸಾರ್ಥಕವಾದಂತೆ.